ಆರತಿಗೆ ಎದ್ದವರು

"ಬಂದ್ ಮಾಡವಾ ಈ ಇಂಗ್ಲಿಷ್ ಗದ್ದಲ. ನಾಳಿ ಈ ಹಾಡಿನ ಪೆಟ್ಟಿಗಿ ಚಿಟಗುಪ್ಪಕ್ಕ ನಿಮ್ಮ ಸೋದರತ್ತಿ ಮನಿಗಿ ಹೋಗ್ತದ," ಎನ್ನುತ್ತ ಅಪ್ಪ ಮಹಾರುದ್ರಪ್ಪ ರಿಕಾರ್ಡಿನ ಮೇಲಿನ ಸೂಜಿಯತ್ತ ಕೈ ಚಾಚಿದರು. ಅವರೆದುರು ದನಿ ಎತ್ತಿ ಗೊತ್ತಿಲ್ಲದ ಕಸ್ತೂರಿ, ಹೈದರಾಬಾದಿನ ಗೆಳತಿ ಕೊಟ್ಟ ಆ ಎಲ್‌ಪಿಯ ಖಾಲಿ ಹೊದಿಕೆಯನ್ನು ಎದೆಗೊತ್ತಿಕೊಂಡು ನಿಂತಳು.

ಅಷ್ಟರಲ್ಲಿ ಹಾಡು ತುದಿ ಮುಟ್ಟತೊಡಗಿತು. ಇಷ್ಟು ಹೊತ್ತು ಒಬ್ಬನೇ ಹಾಡುತ್ತಿದ್ದವನ ಹಿಂದೆ ಪಿಟೀಲುಗಳು ಸಾಲುಸಾಲಾಗಿ ಎದ್ದವು, ತುತ್ತೂರಿ ಸೇರಿತು, ಹತ್ತಾರು ಕಂಠಗಳು ಒಂದೇ ಸಾಲನ್ನು ಮತ್ತೆ ಮತ್ತೆ ಏರಿಸಿದವು, ಕೊನೆಗೆ ಗಂಟೆಗಳು ಮೊಳಗಿದವು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಮಾಣಿಕಮ್ಮ, ಗುರುವಾರದ ಭಜನೆಯ ಕೊನೆಗೆ ಆರತಿಗೆ ಏಳುವಂತೆಯೇ, ಸೆರಗು ಹೊದ್ದು ಎದ್ದು ಕೈಮುಗಿದಳು.

"ಅವ್ವಾ, ಇದು ಆರತಿ ಅಲ್ಲ," ಎಂದರು ಮಹಾರುದ್ರಪ್ಪ.

"ಸುಮ್ಮ ನಿಂದ್ರೋ. ಗಂಟಿ ಬಾರಿಸ್ಯಾರ, ನಡುವನೇ ನಿಂದರಸ್ತಾರೇನು?"

ಭಜನೆಯ ಮನೆಯಲ್ಲೇ ಬೆಳೆದ ಮಹಾರುದ್ರಪ್ಪನವರ ಚಾಚಿದ ಕೈ ಹಿಂದೆ ಬಂದು ಇನ್ನೊಂದು ಕೈಗೆ ತಾನಾಗಿ ಕೂಡಿತು. ಹಾಡು ಮುಗಿದು ಸೂಜಿ ಬರೀ ಕರಕರ ಎನ್ನತೊಡಗಿದಾಗ ಅಜ್ಜಿ ಕೂತಳು. ಕಸ್ತೂರಿ ರಿಕಾರ್ಡನ್ನು ಎತ್ತಿ ಹೊದಿಕೆಗೆ ಸೇರಿಸಹೊರಟಳು.

"ಯಾಕ ತಗೀತಿ?" ಎಂದರು ಅಪ್ಪ, ಅವಳತ್ತ ನೋಡದೆ. "ತಿರುವಿ ಆ ಮಗ್ಗಲು ಹಚ್ಚು. ಅದರಾಗ ಹ್ಯಾಂಗ ಮುಗಸ್ತಾರ ನೋಡೂಣು."