ಮೈಸೂರು ದೂರವಾದ ದಿನ

ಕಲಬುರಗಿ ವಿಮಾನ ನಿಲ್ದಾಣದ ಫಲಕದ ಪ್ರಕಾರ ಅಂದು ಮೈಸೂರು ನಾಲ್ಕೂವರೆ ಸಾವಿರ ಕಿಲೋಮೀಟರ್ ದೂರವಿತ್ತು. ಹಾರಾಟಕ್ಕೆ ಒಂಬತ್ತು ಗಂಟೆ. ಊರುಗಳ ನಡುವಿನ ದೂರ ದಿನಕ್ಕೊಂದು ಬಗೆಯಾಗಿ ಎಷ್ಟೋ ವರ್ಷಗಳಾಗಿದ್ದವು. ಜನ ಮೋಡ ನೋಡಿ ಕೊಡೆ ಹಿಡಿಯುವಂತೆ ದೂರ ನೋಡಿ ಮನೆ ಬಿಡುತ್ತಿದ್ದರು.

"ನಾಳೆ ಹೋಗ್ರಿ, ಬರೇ ಇಪ್ಪತ್ತು ನಿಮಿಷ ಅದ," ಎಂದ ಕೌಂಟರಿನವನು.

ಕಾಶೀಬಾಯಿ ತನ್ನ ಅಕ್ಕ ಶಾರದಾಬಾಯಿಯ ಮುಖ ನೋಡಿದಳು. ಐವತ್ತೆಂಟನೆಯ ವಯಸ್ಸಿನಲ್ಲಿ ಅಕ್ಕ ಮದುವೆಗೆ ಒಪ್ಪಿದ್ದಳು. ವರ ಮೈಸೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಪುರಂದರರಾವ್, ಮದುವೆ ನಾಡಿದ್ದು. ಅಕ್ಕತಂಗಿಯರು ಮೂವತ್ತು ವರ್ಷ ಒಂದೇ ಟೇಲರ್ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಹೊಲಿದಿದ್ದರು. ಮಷೀನಿನ ಸದ್ದಿನಲ್ಲಿ ನೆಮ್ಮದಿಯಾಗಿ ಮಾತಾಡಿದ್ದೇ ಕಡಿಮೆ.

"ಇವತ್ತಿಂದೇ ಕೊಡ್ರಿ," ಎಂದಳು ಕಾಶೀಬಾಯಿ. "ಅಕ್ಕಪಕ್ಕದ ಸೀಟು."

"ಹುಚ್ಚಿ, ಒಂಬತ್ತು ತಾಸು ಕೂತು ಏನ್ ಮಾಡ್ತಿ?"

"ನಿನ್ ಜೋಡಿ ಮಾತಾಡ್ತೀನಿ."

ವಿಮಾನ ಮೇಲೇರಿದಂತೆ, ಅವ್ವನಿಗೆ ಹೇಳದೆ ನೋಡಿದ ಸಿನಿಮಾದಿಂದ ಮಾತು ಶುರುವಾಯಿತು. ನಕ್ಕು ನಕ್ಕು ಸಾಕಾದ ಮೇಲೆ, ಆರನೆಯ ಗಂಟೆಯ ಹೊತ್ತಿಗೆ, ಕಾಶೀಬಾಯಿ ಕಿಟಕಿಯತ್ತ ತಿರುಗಿ, "ನೀ ಇಲ್ದೇ ಅಂಗಡಿ ಬಾಗಿಲ ತೆಗೀಲಿಕ್ಕೆ ಅಂಜಿಕಿ ಬರ್ತದ," ಎಂದಳು. ಇಷ್ಟು ದಿನ ಬಾಯಿಬಿಟ್ಟಿರಲಿಲ್ಲ. ಶಾರದಾಬಾಯಿ ತಂಗಿಯ ಕೈಹಿಡಿದವಳು ಇಳಿಯುವವರೆಗೂ ಬಿಡಲಿಲ್ಲ.

ಮೈಸೂರಿನಲ್ಲಿ ಮೇಷ್ಟ್ರು ಫ್ಲಾಸ್ಕಿನಲ್ಲಿ ಕಾಫಿ ತಂದು ಕಾದಿದ್ದರು. "ಪ್ರಯಾಣ ತುಂಬಾ ಉದ್ದ ಆಯ್ತೇನೋ?"

"ಸಾಲಲಿಲ್ರಿ," ಎಂದಳು ಶಾರದಾಬಾಯಿ. "ನಮ್ ಮಾತು ಇನ್ನೂ ಮುಗಿದಿಲ್ಲ."

ಮೇಷ್ಟ್ರು ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದರು. ಎರಡು ಲೋಟಕ್ಕೆ ಕಾಫಿ ಬಗ್ಗಿಸಿಕೊಟ್ಟು, ಮಾತು ಕೇಳಿಸದಷ್ಟು ದೂರ ಹೋಗಿ ನಿಂತರು.