ಬೆಲ್ಲ ನೀರು

"ಮನ್ವಿತಾಳ ಹೆಸರು ತೆಗೀರಿ ಟೀಚರ್. ಮದುವೆಯಾಗಿ ಪಣಂಬೂರಿಗೆ ಹೋದವಳ ಓಟು ಇಲ್ಲಿ ಎಂತಕ್ಕೆ?"

ಚಾವಡಿಯಿಂದ ಅಣ್ಣ ಸುಜಿತನ ಮಾತು ಕೇಳಿದಾಗ ಮನ್ವಿತಾ ಅಡುಗೆಮನೆಯಲ್ಲಿ ಟೀಚರಿಗೆಂದು ತಟ್ಟೆಗೆ ಬೆಲ್ಲ, ನೀರು ಇಡುತ್ತಿದ್ದಳು. ಹೊರಗಿನಿಂದ ಯಾರು ಬಂದರೂ ಮೊದಲು ಬೆಲ್ಲ ನೀರು. ಅದು ಆ ಮನೆಯ ಕ್ರಮ. ಗಂಡನನ್ನು ಬಿಟ್ಟು ಅವಳು ಕಾಟಿಪಳ್ಳದ ಈ ತವರಿಗೆ ಬಂದು ಒಂದು ಮಳೆಗಾಲ ಕಳೆದಿತ್ತು. ಊರಲ್ಲಿ ಅದು ಯಾರಿಗೂ ಗೊತ್ತಾಗಬಾರದೆಂಬುದು ಅಣ್ಣನ ಹಟ.

"ಅಲ್ಲಿ ಸೇರಿಸದೆ ಇಲ್ಲಿ ತೆಗೆದರೆ ಅವಳಿಗೆ ಓಟೇ ಇಲ್ಲ ಮಾರಾಯ," ಎಂದರು ಮತದಾರರ ಪಟ್ಟಿ ಸರಿಮಾಡಲು ಬಂದಿದ್ದ ಅಂಗನವಾಡಿಯ ಕುಶಲಾ ಟೀಚರ್. "ಒಮ್ಮೆ ಬರೆದ ಹೆಸರು ಎಲ್ಲಿಗೆ ಹೋದರೂ ಸಾಯುವವರೆಗೆ ಉಳಿಯುವ ಹಾಗೆ ದೇಶಕ್ಕೇ ಒಂದು ವ್ಯವಸ್ಥೆ ಬೇಕಿತ್ತು. ಈಗ ವಾಸ ಎಲ್ಲಿ ಅಂತಲೇ ಕೇಳಬೇಕು. ಶಶಿಪ್ರಭಕ್ಕ, ನೀವೇ ಹೇಳಿ. ಮಗಳು ಇರುವುದು ಎಲ್ಲಿ?"

ಹೆಣ್ಣಿನಿಂದಲೇ ನಮ್ಮ ಕುಟುಂಬ, ಮಗಳು ಎಂದೆಂದಿಗೂ ಈ ಮನೆಯವಳೇ ಎಂದು ದೈವದ ಎದುರು ಹೇಳುತ್ತಿದ್ದವರು ಅಮ್ಮನೇ. ಆ ಧೈರ್ಯದಲ್ಲೇ ಮನ್ವಿತಾ ತಟ್ಟೆ ಹಿಡಿದು ಹೊರಗೆ ಬಂದಳು.

"ಓ, ಇಲ್ಲೇ ಇದ್ದೀಯಲ್ಲ!" ಟೀಚರ ಮುಖ ಅರಳಿತು.

ಅಮ್ಮ ಎದ್ದು ಬಂದು ತಟ್ಟೆ ತೆಗೆದುಕೊಂಡರು. ಟೀಚರ ಕಡೆ ತಿರುಗಲಿಲ್ಲ. ಮಸಾಲೆ ಅರೆದು ಅರಸಿನದ ಬಣ್ಣ ಹಿಡಿದಿದ್ದ ಮಗಳ ಅಂಗೈ ಬಿಡಿಸಿ, ಬೆಲ್ಲದ ತುಂಡು ಇಟ್ಟರು.

"ಬಿಸಿಲಲ್ಲಿ ಪಣಂಬೂರಿಂದ ಬಂದದ್ದು," ಎಂದರು. "ನೀರು ಕುಡಿ ಮಗಾ."

ಹೆಸರಿಗೆ ಗೆರೆ ಎಳೆಯಲು ಕುಶಲಾ ಟೀಚರ್ ಪೆನ್ನಿನ ಮುಚ್ಚಳ ತೆಗೆದರು.