ಬಾಡಿಗೆ ಮನೆಯ ತೊಟ್ಟಿಲು

ತುಕ್ಕಿನ ವಾಸನೆ ಕೈಗೆ ಹತ್ತಿದರೆ ಈಗಲೂ ನನಗೆ ಹಳೇ ಹುಬ್ಬಳ್ಳಿಯ ಆ ಕಿಟಕಿಯ ಸರಳುಗಳು ನೆನಪಾಗುತ್ತವೆ.

ನಾವು ಆ ಬಾಡಿಗೆ ಮನೆ ಬಿಟ್ಟು ಬೇರೆ ಓಣಿಗೆ ಬಂದಿದ್ದೆವು. ಮಾಲಕರು ಡಿಪಾಸಿಟ್ ಮರಳಿಸಲಿಲ್ಲವೆಂದು ಅಪ್ಪ ಕೋರ್ಟಿಗೆ ಹೋಗಿದ್ದ. 'ರೊಕ್ಕ ಬರೂತನಕಾ ಕೀಲಿಕೈ ಕೊಡಬ್ಯಾಡ್ರಿ. ನಿಮ್ಮದೊಂದ ಸಾಮಾನರ ಆ ಮನ್ಯಾಗ ಇರಲಿ' ಎಂದಿದ್ದರು ವಕೀಲರು. ಹಾಸಿಗೆ, ಪಾತ್ರೆಗಳೆಲ್ಲ ನಮಗೆ ಬೇಕಿದ್ದವು. ತಂಗಿ ತೀರಿಕೊಂಡ ಮೇಲೆ ಖಾಲಿಯಾಗಿದ್ದ ತೊಟ್ಟಿಲನ್ನು ಅಪ್ಪ ಜಂತಿಗೆ ಕಟ್ಟಿದ್ದಂತೆಯೇ ಬಿಟ್ಟು ಬಂದ.

ಒಂದು ಮಧ್ಯಾಹ್ನ ಅವ್ವ ಅಪ್ಪನಿಗೆ ಹೇಳದೆ ಅದನ್ನು ತರಲು ನನ್ನನ್ನು ಕರೆದುಕೊಂಡು ಹೋದಳು. ಬಾಗಿಲಿಗೆ ನಮ್ಮ ಬೀಗದ ಮೇಲೆ ಮಾಲಕರ ಹೊಸ ಬೀಗ ಬಿದ್ದಿತ್ತು.

'ಕೇಸು ಮುಗಿಯೂತನಕಾ ತೆಗಿಯಂಗಿಲ್ಲಂತವಾ' ಎಂದಳು ಪಕ್ಕದ ಮನೆಯ ಅಜ್ಜಿ.

ನಾವು ಹಿಂದಿನ ಕಿಟಕಿಗೆ ಹೋದೆವು. ಒಡೆದ ಗಾಜಿನಿಂದ ಗಾಳಿ ನುಗ್ಗುತ್ತಿತ್ತು. ಒಳಗೆ ತೊಟ್ಟಿಲು ತಾನೇ ತೂಗುತ್ತಿತ್ತು. ಅವ್ವ ಸರಳಿನ ನಡುವೆ ಭುಜದವರೆಗೂ ಕೈ ಹಾಕಿದಳು. ಎಟುಕಲಿಲ್ಲ.

'ಅವ್ವಾ, ಖಾಲಿ ತೊಟ್ಟಿಲಾ ತೂಗಬಾರ್ದು ಅಂತಿದ್ದೆಲ್ಲಾ?' ಎಂದೆ.

ಅವಳು ತುಕ್ಕು ಮೆತ್ತಿದ ಬೆರಳನ್ನು ನನ್ನ ತುಟಿಯ ಮೇಲಿಟ್ಟಳು.

'ಹಗೂರ ಮಾತಾಡು. ಕೂಸು ಎದ್ದೀತು.'